ಗೆದ್ದಲು ಹತ್ತದ ಹಲಗೆ

ಒಂದು ಹಲಗೆಗೆ ಶೇಂಗಾ ಹೊಟ್ಟು ಹದಿನೆಂಟು ರೂಪಾಯಿ. ಕಂಬಳಿ ನೇಯುವವರ ಮನೆಯಲ್ಲಿ ಉಳಿಯುವ ತುಂಡು ಉಣ್ಣೆ ನಾಲ್ಕು ರೂಪಾಯಿ. ಮೊದಲು ಅದನ್ನು ತಿಪ್ಪೆಗೆ ಎಸೆಯುತ್ತಿದ್ದರು, ನಾವು ಕೇಳಿದ ಮೇಲೆ ಅದಕ್ಕೂ ಬೆಲೆ ಬಂತು. ಹುಣಸೆಬೀಜ ಹನ್ನೊಂದು. ಸುಣ್ಣ ಎರಡು. ಕರೆಂಟು ಏಳು. ಕೂಲಿ ಇಪ್ಪತ್ತೆರಡು. ಒಟ್ಟು ಅರವತ್ನಾಲ್ಕು ರೂಪಾಯಿಗೆ ನಾಲ್ಕಡಿ ಉದ್ದ, ಮೂರಡಿ ಅಗಲದ ಒಂದು ಹಲಗೆ. ಅದನ್ನು ಜಿಂಕ್ ಶೀಟಿನ ಕೆಳಗೆ ಹೊಡೆದರೆ ಏಪ್ರಿಲ್ ಬಿಸಿಲಲ್ಲೂ ಒಳಗೆ ಕೂತು ನೆಮ್ಮದಿಯಾಗಿ ಉಣ್ಣಬಹುದು. ಅದೇ ಹಲಗೆಯನ್ನು ಕಂಪನಿ ಮುನ್ನೂರ ಹತ್ತಕ್ಕೆ ಮಾರಿತು. ಲಾಭಕ್ಕೆ ನನ್ನ ತಕರಾರಿಲ್ಲ. ನಾನೂ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ಇಟ್ಟವನು, ಲಾಭವಿಲ್ಲದೆ ದೇವರ ದೀಪಕ್ಕೂ ಎಣ್ಣೆ ಅಳೆದವನಲ್ಲ. ನನ್ನ ಹೇಸಿಗೆ ಬೇರೆ ಕಡೆ ಇದೆ.

ಹಲಗೆ ಕಂಡುಹಿಡಿದವಳು ಕಾಂಚನಕ್ಕ. ದೊಡ್ಡಉಳ್ಳಾರ್ತಿಯ ಕಂಬಳಿ ನೇಕಾರರ ಮಗಳು. ನಮ್ಮ ಅವ್ವನ ತವರೂ ಅದೇ ಊರಾದ್ದರಿಂದ ನನಗೆ ಅಕ್ಕ. ರಸಾಯನಶಾಸ್ತ್ರ ಓದಿ, ಹೊರರಾಜ್ಯದ ಒಂದು ದೊಡ್ಡ ಕಾಗದದ ಕಾರ್ಖಾನೆ ಸೇರಿ, ಇಪ್ಪತ್ತಾರು ವರ್ಷ ಅಲ್ಲೇ ಸವೆದಳು. ಬಿದಿರಿನ ಬದಲು ಕಬ್ಬಿನ ಸಿಪ್ಪೆಯಿಂದ, ಮೊದಲಿನ ಅರ್ಧ ಉಗಿಯಲ್ಲಿ ಬರೆಯುವ ಕಾಗದ ತೆಗೆಯಬಹುದೆಂದು ತೋರಿಸಿದವಳು ಅವಳು. ಬಾಯ್ಲರಿಗೆ ಸುರಿಯುವ ಕಲ್ಲಿದ್ದಲು ಲಾರಿಗಟ್ಟಲೆ ಉಳಿಯಿತು. ಪ್ರಶಸ್ತಿ ಮಾತ್ರ ಅವಳ ಮೇಲಧಿಕಾರಿಗೆ ಬಂತು. ಆತ ವೇದಿಕೆಯ ಮೇಲೆ ಅವಳನ್ನು ‘ನಮ್ಮ ಲ್ಯಾಬಿನ ಹುಡುಗಿ’ ಎಂದು ಪರಿಚಯಿಸಿದ. ಆಗ ಅವಳಿಗೆ ನಲವತ್ತು ದಾಟಿತ್ತು.

ಆಮೇಲೆ ಹಳೆಯ ಪತ್ರಿಕೆಗಳ ಮಸಿಯನ್ನು ಬಿಸಿನೀರಿಲ್ಲದೆ ತೊಳೆಯುವ ಉಪಾಯ ಹುಡುಕಿದಳು. ಅದಕ್ಕೂ ಅದೇ ಗತಿ. ಈ ಸಲ ಒಂದು ಶಾಲು ಮತ್ತು ಹಣ್ಣಿನ ಬುಟ್ಟಿ ಸಿಕ್ಕಿತಂತೆ. ಮೇಲಿನ ಸೇಬು ಮಿರಿಮಿರಿ ಮಿಂಚುತ್ತಿತ್ತು, ಕೆಳಗಿನವು ಕೊಳೆತಿದ್ದವು ಎಂದು ನನಗೆ ನಗುತ್ತಲೇ ಹೇಳಿದ್ದಳು. “ಶಾಲು ಹೊದಿಸೋದು ಚಳಿಗಲ್ಲ ಚಂದ್ರ, ಕೈ ಒಳಗೆ ಇರ್ಲಿ ಅಂತ.”

ಸ್ವಯಂ ನಿವೃತ್ತಿ ಪಡೆದು ಚಳ್ಳಕೆರೆಗೆ ಬಂದಾಗ ಅವಳ ಹತ್ತಿರ ಎರಡು ಟ್ರಂಕು, ಒಂದು ಮಿಕ್ಸರ್ ಯಂತ್ರ ಇದ್ದವು. ನನ್ನ ಮಿಲ್ಲಿನ ಹಿಂದಿನ ಶೆಡ್ಡು ಖಾಲಿ ಇತ್ತು. ಗಾಣ ನಿಂತ ಮೇಲೆ ಅಲ್ಲಿ ಹೊಟ್ಟಿನ ರಾಶಿ, ಇಲಿ, ಇಷ್ಟೇ.

“ಈ ಹೊಟ್ಟನ್ನ ಏನ್ ಮಾಡ್ತೀಯ?” ಎಂದು ಕೇಳಿದಳು.

“ಇಟ್ಟಿಗೆ ಭಟ್ಟಿಯೋರು ಒಯ್ತಾರೆ. ಸುಡ್ತಾರೆ.”

“ಶಾಖ ತಡೆಯೋದನ್ನ ಶಾಖಕ್ಕೆ ಹಾಕ್ತೀರಲ್ಲೋ, ಬುದ್ಧಿವಂತ್ರು ನೀವು” ಎಂದಳು. ಮರುದಿನವೇ ಶೆಡ್ಡು ಗುಡಿಸಿಕೊಂಡಳು.

ಅವಳ ಕೆಲಸ ನೋಡಿದವರಿಗೆ ಅಡುಗೆಯೇ ನೆನಪಾಗಬೇಕು. ಹೊಟ್ಟನ್ನು ನೆನೆಸಿ ಅರೆದು ತಿರುಳು ಮಾಡುವುದು, ಉಣ್ಣೆ ಬಿಡಿಸಿ ಕಲಸುವುದು, ಅಂಟಿಗೆ ಹುಣಸೆಬೀಜದ ಗಂಜಿ. ಕಂಬಳಿ ನೂಲಿಗೆ ಗಂಜಿ ಹಾಕಿ ಗಡುಸು ಮಾಡುವುದು ಅವಳ ಮನೆಯ ಹಳೆಯ ಪದ್ಧತಿ. ಪಟ್ಟಣದ ಅಂಟುಗಳನ್ನೆಲ್ಲ ಪರೀಕ್ಷಿಸಿ ನೋಡಿ ಕೊನೆಗೆ ಅದಕ್ಕೇ ಮರಳಿದಳು. ಆದರೆ ಗಂಜಿ ಇದ್ದಲ್ಲಿ ಗೆದ್ದಲು ಬರುತ್ತದೆ. ಅದಕ್ಕೆ ಸುಣ್ಣ ಸೇರಿಸಿದಳು. ಸುಣ್ಣ ಸೇರಿದ ಹಲಗೆ ಬಿಸಿಲಲ್ಲಿ ನಿಧಾನವಾಗಿ ಒಣಗಿ ಗಟ್ಟಿಯಾಗಬೇಕು, ಅವಸರ ಮಾಡಿದರೆ ಸೊಟ್ಟಗಾಗುತ್ತದೆ.

ಒತ್ತುವ ಯಂತ್ರ ಕಟ್ಟಿದವರು ಬೆಂಗಳೂರು ರಸ್ತೆಯ ಮೆಕ್ಯಾನಿಕ್ ಶರೀಫ್ ಸಾಬ್. ಲಾರಿಯ ಜಾಕು, ನನ್ನ ಹಳೆಯ ಮಿಲ್ಲಿನ ಕಬ್ಬಿಣ, ಅವರ ಬೈಗುಳ ಮೂರೂ ಸೇರಿ ಅದಾಯಿತು.

“ಮೇಡಂ, ಇದು ರೊಟ್ಟಿನೋ ಹಲಗೆನೋ?” ಎಂದು ಅವರು ಕೇಳಿದರು.

“ಎರಡೂ ಅಲ್ಲ ಸಾಬ್ರೇ, ದಪ್ಪ ಕಾಗದ. ನನಗೆ ಬರೋದು ಅದೊಂದೇ.”

“ಮಾಶಾಅಲ್ಲಾ. ಇಷ್ಟು ದಪ್ಪ ಕಾಗದದ ಮೇಲೆ ನಮ್ಮ ಮುನಿಸಿಪಾಲಿಟಿಯೋರ ಪಾಪಾನೆಲ್ಲಾ ಬರೀಬಹುದು.”

ಮೊದಲ ಹಲಗೆಗಳನ್ನು ಶರೀಫ್ ಸಾಬ್‌ರ ಅಂಗಡಿಯ ತಗಡಿನ ಕೆಳಗೇ ಹೊಡೆದೆವು. ಅವರು ಮಧ್ಯಾಹ್ನದ ಫ್ಯಾನ್ ನಿಲ್ಲಿಸಿದರು. ಕಾಂಚನಕ್ಕನ ಕಣ್ಣು ಮಾತ್ರ ಮೊಳಕಾಲ್ಮೂರಿನ ಕಡೆಗಿತ್ತು. ಅಲ್ಲಿಯ ಸುತ್ತಮುತ್ತ ರೇಷ್ಮೆ ಹುಳು ಸಾಕುವವರು ಬೇಸಿಗೆಯಲ್ಲಿ ಹುಳುಮನೆಯನ್ನು ತಂಪಾಗಿಡಲು ಒದ್ದೆ ಗೋಣಿ, ಕೂಲರ್ರು, ಮೋಟಾರು ಎಂದು ಒದ್ದಾಡುತ್ತಾರೆ. ಕರೆಂಟು ಹೋದರೆ ಬೆಳೆಯೂ ಹೋಯಿತು. ಕರೆಂಟಿಲ್ಲದೆ ತಂಪಿರುವ ಹುಳುಮನೆ ಮಾಡಿ ಕೊಟ್ಟರೆ ತನ್ನ ಜನ್ಮ ಸಾರ್ಥಕ ಎನ್ನುತ್ತಿದ್ದಳು. ಅಷ್ಟು ಓದಿದವಳಿಗೆ ಇಷ್ಟು ಚಿಕ್ಕ ಆಸೆಯೇ ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಚಿಕ್ಕದಲ್ಲ ಎಂದು ಆಮೇಲೆ ಗೊತ್ತಾಯಿತು.

ಕಟ್ಟಡ ಸಾಮಾನು ಮಾಡುವ ಆ ಕಂಪನಿ ಬಂದದ್ದು ಆಗ. ಅದರ ಮ್ಯಾನೇಜರ್ ವೀರೇಶ್ ನಮ್ಮ ಕಡೆಯ ತಳಕು ಊರಿನವನೇ. ಮಾತು ಬೆಣ್ಣೆ, ಅಂಗಿ ಇಸ್ತ್ರಿ, ಬಂದವನೇ ಕಾಂಚನಕ್ಕನ ಕಾಲು ಮುಟ್ಟಿದ. ಕಾಲು ಮುಟ್ಟುವವರ ಕೈಯನ್ನು ನಾನು ಮೊದಲು ನೋಡುತ್ತೇನೆ, ವ್ಯಾಪಾರದಲ್ಲಿ ಕಲಿತದ್ದು. ಅವನು ತಂದದ್ದು ಒಳ್ಳೆಯ ಮಾತೇ. ಹಲಗೆಯ ಪೇಟೆಂಟ್ ಕಂಪನಿಗೆ ಬರೆದುಕೊಡಬೇಕು, ಕಂಪನಿ ಮೊಳಕಾಲ್ಮೂರು ರಸ್ತೆಯಲ್ಲಿ ಫ್ಯಾಕ್ಟರಿ ಹಾಕುತ್ತದೆ, ಸಂಶೋಧನೆಗೆ ಅವಳೇ ಮುಖ್ಯಸ್ಥೆ, ಪ್ರತಿ ಹಲಗೆಯ ಮೇಲೂ ಅವಳ ಹೆಸರು. ಇಷ್ಟು ವರ್ಷ ಯಾವ ಕಾಗದದ ಮೇಲೂ ಬಾರದ ಹೆಸರು ಹಲಗೆಯ ಮೇಲೆ ಬರುತ್ತದೆ ಎಂದಾಗ ಅವಳು ಸೋತಳು. ಅವಳನ್ನು ದೂರುವಂತಿಲ್ಲ. ನನ್ನ ಹೊಟ್ಟಿಗೂ ಗಿರಾಕಿ ಸಿಕ್ಕಿದ್ದರಿಂದ ನಾನೂ ಪೇಡೆ ಹಂಚಿದೆ.

ಫ್ಯಾಕ್ಟರಿಯಲ್ಲಿ ಬಿಸಿ ಒತ್ತುಯಂತ್ರ ಬಂತು. ಅವಳಿಗೆ ಒಂದು ಗಾಜಿನ ಕೋಣೆ ಕೊಟ್ಟರು. ಸೆಮಿನಾರಿಗೆ ಅಲ್ಲಿ ಹೋಗಿ, ಇಲ್ಲಿ ಮಾತಾಡಿ ಎಂದು ಊರೂರು ಕಳಿಸಿದರು; ಒತ್ತುಯಂತ್ರದ ಹತ್ತಿರ ಅವಳು ನಿಂತದ್ದೇ ಅಪರೂಪ. ಮೊದಲ ಕಂತಿನ ಹಲಗೆಗಳನ್ನು ಏಳೆಂಟು ಹುಳುಮನೆಗಳಿಗೆ ಹೊಡೆದರು. ಅದು ಚೆನ್ನಾಗಿ ಬಂದರೆ ಸರ್ಕಾರಿ ಯೋಜನೆಯಲ್ಲಿ ಮುನ್ನೂರು ಹುಳುಮನೆಗಳಿಗೆ ಹಲಗೆ ಒದಗಿಸುವ ಆರ್ಡರು ಕೈಸೇರುವುದಿತ್ತು.

ಮಾರ್ಚ್ ಕೊನೆಯಲ್ಲಿ ಒಂದು ಬೆಳಿಗ್ಗೆ ನನ್ನ ಮಿಲ್ಲಿನ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಇಪ್ಪತ್ತೆರಡು ಇಪ್ಪತ್ತಮೂರಿರಬೇಕು. ಕೈಯಲ್ಲಿ ಬಟ್ಟೆಯ ಚೀಲ, ಕಂಕುಳಲ್ಲಿ ಹಲಗೆಯ ಒಂದು ತುಂಡು. ಹೆಸರು ಸೌಂದರ್ಯ, ನನ್ನಿವಾಳದವಳು. ಮೊಳಕಾಲ್ಮೂರಿನಿಂದ ರಾಯದುರ್ಗದ ದಾರಿಗಿರುವ ಒಂದು ಹಳ್ಳಿಗೆ ಕೊಟ್ಟಿದ್ದರು. ಅವತ್ತು ಭಾನುವಾರ, ಕಾಂಚನಕ್ಕ ಶೆಡ್ಡಿನಲ್ಲೇ ಇದ್ದಳು.

“ಕಾಂಚನಾ ಮೇಡಂ ಅಂದ್ರೆ ನೀವೇನಾ?” ಎಂದು ಅವಳು ಹಲಗೆಯ ಹಿಂಭಾಗ ತೋರಿಸಿದಳು. ಅಲ್ಲಿ ನೀಲಿ ಅಕ್ಷರದಲ್ಲಿ ಹೆಸರಿತ್ತು. “ನಿಮ್ಮ ಹೆಸರು ಬರ್ದೈತೆ. ಅದ್ಕೇ ನಿಮ್ಮನ್ನೇ ಕೇಳಾಕೆ ಬಂದೆ. ನಮ್ಮ ಹುಳ ಯಾಕ್ ಸತ್ವು?”

ಅವಳು ಹೇಳಿದ್ದು ಇಷ್ಟು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳುಗಳು, ಇನ್ನೇನು ಒಂದು ವಾರದಲ್ಲಿ ಹಣ್ಣಾಗಿ ಗೂಡು ಕಟ್ಟಬೇಕಾದವು, ಬಿಸಿಲೇರಿದ ಒಂದು ಮಧ್ಯಾಹ್ನ ತಲೆ ಎತ್ತಿ ಹೊಯ್ದಾಡಿ, ಹಸಿರು ನೀರು ಕಾರಿ ಸತ್ತುಹೋದವು. ಹಲಗೆ ಹೊಡೆದ ಬೇರೆ ಮನೆಗಳಲ್ಲಿ ಆಗಿನ್ನೂ ಹುಳು ಬಿಟ್ಟಿರಲಿಲ್ಲ. ಹುಳುಮನೆಗೆ ವಾಸನೆ ಹಚ್ಚಿಕೊಂಡು ಯಾರೂ ಹೋಗಬಾರದು ಎಂಬುದು ಆ ಕಡೆಯ ಕಟ್ಟುನಿಟ್ಟು. ಬೀಡಿ ಸೇದಿದವನು ಹೋಗಬಾರದು, ಸೆಂಟು ಹಾಕಿದವರು ಹೋಗಬಾರದು, ಹೊಲಕ್ಕೆ ಔಷಧಿ ಹೊಡೆದು ಬಂದವನಂತೂ ಹೊಸ್ತಿಲನ್ನೂ ತುಳಿಯಬಾರದು. ಹಿಂದಿನ ದಿನ ಸೌಂದರ್ಯ ರಾಯದುರ್ಗದ ಮದುವೆಗೆ ಹೋಗಿ ಬಂದಿದ್ದಳು. ಅತ್ತೆ ಕೊಲ್ಲಾಪುರಮ್ಮ ಕೇರಿಯ ಜನರ ಮುಂದೆ ನಿಂತು, ಸೆಂಟು ಬಳಕೊಂಡು ಬಂದು ಹುಳುಮನೆ ಹೊಕ್ಕು ಬೆಳೆ ತಿಂದವಳು ಇವಳೇ ಎಂದು ಕೂಗಿದಳು. ಗಂಡ ಮಾರುತೇಶ ತಲೆ ತಗ್ಗಿಸಿ ಅವಳನ್ನು ಬಸ್ಸು ಹತ್ತಿಸಿದ.

“ನಾನು ತಲೆ ಮೇಲೆ ನೀರು ಹಾಕ್ಕೊಂಡು, ಸೀರೆ ಬದಲಾಯಿಸಿನೇ ಹೋಗಿದ್ದು ಮೇಡಂ. ಹುಳ ಹೋದ್ವು, ಹೋಗ್ಲಿ, ಮತ್ತೆ ಸಾಕಬಹುದು. ನಾನು ಹುಳ ತಿಂದೋಳು ಅಂತ ಹೆಸರಾದ್ರೆ ಆ ಸೀಮೆನಾಗೆ ಯಾರ ಮನೆ ಬಾಗಿಲಿಗೂ ನಾನು ಹೋಗಂಗಿಲ್ಲ.”

ಕಾಂಚನಕ್ಕ ಹಲಗೆಯ ಅಂಚನ್ನು ಮುರಿದು ಮೂಸಿದಳು, ನಾಲಿಗೆಯ ತುದಿಗೆ ಮುಟ್ಟಿಸಲು ಹೋದವಳು ಕೈ ಹಿಂದಕ್ಕೆ ತೆಗೆದಳು. “ಸುಣ್ಣ ಇಲ್ಲ” ಎಂದಳು. ಅಷ್ಟೇ. ಆದರೆ ಅವಳ ಮುಖ ನಾನು ಹಿಂದೆಂದೂ ನೋಡಿರದಷ್ಟು ಕಪ್ಪಿಟ್ಟಿತು.

ಸೌಂದರ್ಯಳನ್ನು ಆ ರಾತ್ರಿ ನಮ್ಮ ಮನೆಯಲ್ಲೇ ಉಳಿಸಿಕೊಂಡೆವು. ಮರುದಿನ ವೀರೇಶನೇ ಶೆಡ್ಡಿಗೆ ಬಂದ. ಕೈಯಲ್ಲಿ ಒಂದು ವರದಿ, ಜೇಬಿನಲ್ಲಿ ಪೆನ್ನು. ವರದಿ ಹೇಳುವುದೇನೆಂದರೆ, ಹಲಗೆ ನಿರ್ದೋಷಿ, ಬೆಳೆ ಹೋದದ್ದು ಮನೆಯ ಸೊಸೆ ಸುಗಂಧ ಹಚ್ಚಿಕೊಂಡು ಒಳಗೆ ಹೋದ ಕಾರಣ. ಅತ್ತೆಯ ಹೇಳಿಕೆಯನ್ನು ಹೆಬ್ಬೆಟ್ಟು ಸಮೇತ ಅಂಟಿಸಿದ್ದರು. ಕೆಳಗೆ ಮುಖ್ಯಸ್ಥೆಯ ಸಹಿಗೆ ಜಾಗ. ಆ ಸಹಿ ಬಿದ್ದರೆ ಮುನ್ನೂರು ಮನೆಯ ಆರ್ಡರು ಕಂಪನಿಯದು.

“ಸುಣ್ಣ ಯಾಕೆ ಬಿಟ್ರಿ?” ಕಾಂಚನಕ್ಕ ಕೇಳಿದಳು.

“ಮೇಡಂ, ಸುಣ್ಣ ಹಾಕಿದ್ರೆ ಬಿಸಿ ಪ್ರೆಸ್ಸಿನ ತಟ್ಟೆಗೆ ಕಚ್ಕೊಳ್ತೈತೆ. ದಿನಕ್ಕೆ ಎರಡು ಸಲ ಕೆರೀಬೇಕು. ನಿಮ್ಮಂಗೆ ಬಿಸಿಲಿಗೆ ಇಟ್ಕೊಂಡು ಕೂತ್ರೆ ಆರ್ಡರ್ ಯಾವಾಗ ಮುಗಿಸೋದು?”

“ಮತ್ತೆ ಗೆದ್ದಲಿಗೆ?”

ವೀರೇಶ ಆಚೀಚೆ ನೋಡಿದ. “ಗೋಡೌನಿನಾಗೆ ಹತ್ತಿದ್ವು. ಅದ್ಕೆ ಒಂದು ಔಷಧಿ ಕಲಸಿದ್ವಿ. ಎಲ್ಲಾ ಪ್ಲೈವುಡ್‌ನೋರೂ ಹಾಕ್ತಾರೆ. ಒಂದು ಗೆದ್ದಲೂ ಹತ್ತಲ್ಲ ಈಗ!”

ಹಳೆಯ ಒತ್ತುಯಂತ್ರದ ರಿಪೇರಿಗೆ ಬಂದಿದ್ದ ಶರೀಫ್ ಸಾಬ್ ಕೈಯಲ್ಲಿದ್ದ ಸ್ಪ್ಯಾನರನ್ನು ನಿಧಾನಕ್ಕೆ ಕೆಳಗಿಟ್ಟರು.

“ಹುಳ ಸಾಯಿಸೋ ಔಷಧಿ ಹಾಕಿ” ಎಂದರು ಅವರು, “ಹುಳ ಸಾಕೋ ಮನೆಗೆ ಹೊಡೆದ್ರಾ? ಅರೆ ಬಾಪ್ರೇ, ನಿಮ್ಮಲ್ಲಿ ಎಷ್ಟು ಜನ ಇಂಜಿನಿಯರ್ರು?”

“ಸಾಬ್ರೇ, ನೀವು ಸುಮ್ಕಿರ್ರಿ. ಲ್ಯಾಬ್‌ನಾಗೆ ಟೆಸ್ಟ್ ಆಗೈತೆ. ವಾಸನೆ ಇಲ್ಲ, ಆವಿ ಇಲ್ಲ. ರಿಪೋರ್ಟ್ ಐತೆ.”

“ಲ್ಯಾಬಿಗೆ ಎ.ಸಿ. ಐತಲ್ಲ ವೀರೇಶಾ” ಎಂದಳು ಕಾಂಚನಕ್ಕ. “ಹಲಗೆ ಇರೋದು ಕಾದ ತಗಡಿನ ಕೆಳಗೆ.”

ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದ. ಈಗ ಸಹಿ ಹಾಕಿ, ಮುಂದಿನ ಕಂತಿನಿಂದ ಔಷಧಿ ಕಡಿಮೆ ಮಾಡೋಣ. ಆ ಕುಟುಂಬಕ್ಕೆ ಕಂಪನಿ ಏನಾದರೂ ಕೊಡುತ್ತದೆ. ಸೊಸೆಯ ವಿಷಯ ಅವರ ಮನೆಯ ವಿಷಯ, ಅತ್ತೆಯೇ ಹೇಳಿದ್ದು, ನಾವೇನು ಹುಟ್ಟಿಸಿದ್ದಲ್ಲ. ಸಹಿ ಹಾಕದಿದ್ದರೆ ಕಂಪನಿ ಬೇರೊಬ್ಬರನ್ನು ಮುಖ್ಯಸ್ಥರನ್ನಾಗಿ ಮಾಡುತ್ತದೆ. ಪೇಟೆಂಟ್ ಕಂಪನಿಯದು, ಮೇಡಂ ಆಮೇಲೆ ತಮ್ಮ ಶೆಡ್ಡಿನಲ್ಲೂ ಒಂದು ಹಲಗೆ ಮಾಡುವಂತಿಲ್ಲ. “ನಿಮ್ಮ ಆಯಸ್ಸು ಹಾಕಿದ್ದೀರಿ ಮೇಡಂ. ಒಂದು ಸೈನಿಗೋಸ್ಕರ ಕಳ್ಕೋತೀರಾ? ನನಗೂ ಮನೆ ಸಾಲ ಐತೆ, ಇಬ್ಬರು ಮಕ್ಕಳದಾರೆ.”

ಅವನು ಕೆಟ್ಟವನಲ್ಲ. ಅದೇ ನನಗೆ ಹೇಸಿಗೆ ಹುಟ್ಟಿಸಿದ್ದು. ರಾಕ್ಷಸರು ಮಾಡಿದ ಕೆಲಸವಾದರೆ ಬೈದು ಕೈತೊಳೆದುಕೊಳ್ಳಬಹುದು. ಇಲ್ಲಿ ಒಬ್ಬನಿಗೆ ತಟ್ಟೆ ಕೆರೆಯಲು ಬೇಜಾರು, ಇನ್ನೊಬ್ಬನಿಗೆ ಗೋಡೌನಿನ ಚಿಂತೆ, ಮತ್ತೊಬ್ಬನಿಗೆ ಸಾಲ. ಎಲ್ಲರೂ ಸೇರಿ ಒಂದು ಬಡ ಹೆಣ್ಣಿನ ಮೈವಾಸನೆಯ ಮೇಲೆ ತಮ್ಮ ಪಾಪವನ್ನೆಲ್ಲ ಸುರಿದರು, ಅದನ್ನು ಚೆಂದದ ಭಾಷೆಯಲ್ಲಿ ಟೈಪು ಮಾಡಿದರು.

ಕಾಂಚನಕ್ಕ ವರದಿಯನ್ನು ಮಡಚಿದಳು. “ಸೈನ್ ಹಾಕ್ತೀನೋ ಇಲ್ವೋ ಆ ಹುಳುಮನೆಗೆ ಹೋಗಿ ಅಲ್ಲೇ ಹೇಳ್ತೀನಿ. ಗಾಡಿ ತೆಗಿ.”

ನನ್ನ ಜೀಪಿನಲ್ಲಿ ಕಾಂಚನಕ್ಕ, ಸೌಂದರ್ಯ, ಶರೀಫ್ ಸಾಬ್. ಹಿಂದೆ ವೀರೇಶನ ಕಾರು. ನಾವು ತಲುಪಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಹುಳುಮನೆಯ ಹಿಂದೆ ಸತ್ತ ಹುಳುಗಳನ್ನು ಗುಂಡಿಗೆ ಸುರಿದು ಅರೆಬರೆ ಮಣ್ಣು ಎಳೆದಿದ್ದರು. ಆ ನಾತ ಬಲ್ಲವರೇ ಬಲ್ಲರು. ವೀರೇಶ ಕರ್ಚೀಫು ಮೂಗಿಗೆ ಒತ್ತಿಕೊಂಡ. ಕರ್ಚೀಫಿನಿಂದ ಘಮ್ಮೆಂದು ಸೆಂಟಿನ ವಾಸನೆ ಬಂತು.

ಸೊಸೆಯನ್ನು ಕಂಡೊಡನೆ ಕೊಲ್ಲಾಪುರಮ್ಮ ಅಂಗಳದಲ್ಲೇ ಶುರುಮಾಡಿದಳು. “ಅಯ್ಯೋ ದೇವುಡಾ, ಮಳ್ಳೀ ಒಚ್ಚಿಂದಿ! ಮತ್ತೆ ಬಂದ್ಲಲ್ಲಪ್ಪಾ! ಉಳಿದಿರೋ ಸೊಪ್ಪೂ ಒಣಗಿಸಾಕೆ ಬಂದ್ಯೇನೇ?” ಅತ್ತ ತೆಲುಗು, ಇತ್ತ ಕನ್ನಡ, ಎರಡರಲ್ಲೂ ಬೈಗುಳಕ್ಕೆ ಕೊರತೆಯಿರಲಿಲ್ಲ.

“ಅಮ್ಮಾ, ಒಂದು ಹೊತ್ತು ತಡೀರಿ. ಆಮೇಲೆ ನನಗೂ ಸೇರಿಸಿ ಬೈಯ್ರಿ” ಎಂದಳು ಕಾಂಚನಕ್ಕ.

ಪಕ್ಕದ ಮನೆಯವರ ಹುಳುಮನೆಯಲ್ಲಿ ಹಲಗೆ ಹೊಡೆದಿರಲಿಲ್ಲ, ಅವರ ಬೆಳೆ ಚೆನ್ನಾಗಿತ್ತು. ಎರಡು ಹಿಡಿ ಹುಳು ಕೊಡಿ ಎಂದರೆ ಅವರು ಕೊಡಲೊಲ್ಲರು. ಬೆಳೆಯ ನಡುವೆ ಹುಳು ಹೊರಗೆ ಕೊಡುವುದು ಅಪಶಕುನ. ಕೊನೆಗೆ ಮಾರುತೇಶನೇ ಹೋಗಿ ಬೇಡಿ ತಂದ. ಈ ಗಲಾಟೆ ಶುರುವಾದಾಗಿನಿಂದ ಅವನು ಮಾಡಿದ ಮೊದಲ ಒಳ್ಳೆಯ ಕೆಲಸ ಅದೇ ಇರಬೇಕು, ಹೆಂಡತಿಯ ಮುಖವನ್ನು ಮಾತ್ರ ಅವನು ನೋಡಲಿಲ್ಲ.

ಕಾಂಚನಕ್ಕ ಎರಡು ಬಿದಿರು ಬುಟ್ಟಿ ತರಿಸಿದಳು. ಎರಡಕ್ಕೂ ಒಂದೇ ತೋಟದ ಹಿಪ್ಪುನೇರಳೆ ಸೊಪ್ಪು, ಒಂದೇ ಮನೆಯ ಹುಳು. ಒಂದರ ಮೇಲೆ ನನ್ನ ಶೆಡ್ಡಿನಲ್ಲಿ ಮಾಡಿ, ಈಗ ಜೀಪಿನಲ್ಲಿ ತಂದಿದ್ದ ಹಳೆಯ ಹಲಗೆ, ಇನ್ನೊಂದರ ಮೇಲೆ ಇದೇ ಹುಳುಮನೆಯಿಂದ ಕಿತ್ತ ಕಂಪನಿಯ ಹಲಗೆ. ಎರಡರ ಮೇಲೂ ಒಂದೊಂದು ತಗಡು. ಹಾಗೆ ಅಂಗಳದ ಬಿಸಿಲಲ್ಲಿ ಇಟ್ಟಳು. ಆಮೇಲೆ ಸೌಂದರ್ಯಳನ್ನು ಕರೆದು, “ಮದುವೆಗೆ ಹಾಕಿದ್ಯಲ್ಲ, ಆ ಸೆಂಟು ಐತಾ?” ಎಂದು ಕೇಳಿದಳು. ಅವಳು ಚೀಲದಿಂದ ಬೆರಳುದ್ದದ ಬಾಟಲಿ ತೆಗೆದಳು.

“ಕೈಗೆ ಹಚ್ಕೋ. ಹಚ್ಕೊಂಡು ನಮ್ಮ ಹಲಗೆ ಬುಟ್ಟಿಗೆ ನೀನೇ ಸೊಪ್ಪು ಹಾಕು. ಆ ಇನ್ನೊಂದನ್ನ ಮುಟ್ಟಬೇಡ.”

ಕೇರಿಯ ಹೆಂಗಸರು ಹಾ ಎಂದರು. ಸೌಂದರ್ಯ ಬಾಟಲಿ ತೆರೆದು ಎರಡೂ ಅಂಗೈಗೆ ಹಚ್ಚಿಕೊಂಡಳು. ನನಗೂ ಭಯವಾಯಿತು. ಸೆಂಟಿಗೆ ಹುಳು ಮುನಿದುಬಿಟ್ಟರೆ ಇವಳ ಬಾಳೂ ಹೋಯಿತು, ಕಾಂಚನಕ್ಕನ ಮಾತೂ ಹೋಯಿತು. “ಅಕ್ಕಾ, ಇದು ಬೇಕಿತ್ತಾ?” ಎಂದು ಪಿಸುಗುಟ್ಟಿದೆ.

“ಇದೊಂದು ಬಿಟ್ರೆ ಇವರಿಗೆ ಬೇರೆ ಯಾವುದೂ ಸಾಕ್ಷಿ ಅಲ್ಲ ಚಂದ್ರ” ಎಂದಳು.

ಬೇವಿನ ಮರದ ಕೆಳಗೆ ಕೂತೆವು. ಮಜ್ಜಿಗೆ ಬಂತು, ವೀರೇಶ ಕುಡಿಯಲಿಲ್ಲ, ಎರಡು ಸಲ ಫೋನಿನಲ್ಲಿ ಮಾತಾಡಿ ಬಂದ. ಶರೀಫ್ ಸಾಬ್ ಬೀಡಿ ಹಚ್ಚಲು ಹೋಗಿ, ಕೊಲ್ಲಾಪುರಮ್ಮನ ಕಣ್ಣು ಕಂಡು ಕಿವಿಯ ಮೇಲೆ ಸಿಕ್ಕಿಸಿಕೊಂಡರು. ನೆರಳು ಮರದ ಬುಡ ಬಿಟ್ಟು ಒಂದು ಮಾರು ಸರಿಯುವ ಹೊತ್ತಿಗೆ ಕಾಂಚನಕ್ಕ ಎದ್ದು ತಗಡು ತೆಗೆದಳು.

ಸೆಂಟಿನ ಕೈಯಿಂದ ಸೊಪ್ಪು ಬಿದ್ದ ಬುಟ್ಟಿಯಲ್ಲಿ ಹುಳುಗಳು ಸ್ವಲ್ಪ ಮಂಕಾಗಿದ್ದವು, ಒಂದಷ್ಟು ಅಂಚಿಗೆ ಸರಿದಿದ್ದವು. ಆದರೂ ತಿನ್ನುತ್ತಿದ್ದವು. ಮಳೆಹನಿಯಂಥ ಆ ಸದ್ದು ಎಲ್ಲರಿಗೂ ಕೇಳಿಸಿತು. ಇನ್ನೊಂದರಲ್ಲಿ ಸದ್ದಿರಲಿಲ್ಲ. ಹುಳುಗಳು ಮೈ ಕುಗ್ಗಿಸಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ತಾವೇ ಕಾರಿದ ಹಸಿರು ನೀರಿನಲ್ಲಿ ಹೊರಳುತ್ತಿದ್ದವು. ಸೊಪ್ಪಿಗೆ ಒಂದು ಕಚ್ಚೂ ಬಿದ್ದಿರಲಿಲ್ಲ.

“ಇವೇ ಚಚ್ಚಿಪೋಯಿನಾಯಿ” ಎಂದು ಯಾರೋ ಮುದುಕಿ ಮೆಲ್ಲಗೆ ಅಂದಳು. ಇವೇ ಸತ್ತದ್ದು.

ಕಾಂಚನಕ್ಕ ವೀರೇಶನ ಕೈಗೆ ವರದಿಯನ್ನು ವಾಪಸು ಕೊಟ್ಟಳು. “ನಾನು ಹಾಕಲ್ಲ. ರೇಷ್ಮೆ ಇಲಾಖೆಗೆ ನಾನೇ ಹೋಗಿ ಕಂಡದ್ದು ಹೇಳ್ತೀನಿ. ಹಲಗೆ ಮೇಲಿಂದ ನನ್ನ ಹೆಸರು ಅಳಿಸ್ರಿ.”

“ಮೇಡಂ, ಯೋಚನೆ ಮಾಡ್ರಿ.”

“ಮಾಡಿದೀನಿ. ನನ್ನ ಮೇಲಿನವನು ನನ್ನ ಕೆಲಸ ಕದ್ದಾಗ ಅದು ಕದ್ದದ್ದು ಅಷ್ಟೇ ಅಂದ್ಕೊಂಡಿದ್ದೆ. ಕೆಲಸಾನಾದ್ರೂ ಚೆನ್ನಾಗಿತ್ತು. ನೀವು ಹೆಸರು ಕೊಟ್ಟು ಕೆಲಸ ಕೆಡಿಸಿದ್ರಲ್ಲೋ. ಇದಕ್ಕಿಂತ ಆ ಕಳ್ಳನೇ ವಾಸಿ.”

ವೀರೇಶ ಕಾರು ಹತ್ತಿದ.

ಇನ್ನು ಕೊಲ್ಲಾಪುರಮ್ಮ. ಅವಳು ಕಣ್ಣೀರಿಟ್ಟು ಸೊಸೆಯನ್ನು ತಬ್ಬಿಕೊಂಡಳು ಎಂದು ಬರೆಯಲು ನನಗೂ ಇಷ್ಟ. ಅವಳು ಮಾಡಿದ್ದು ಅದಲ್ಲ. ಮೊದಲು ಕಾಂಚನಕ್ಕನನ್ನು ಕೇಳಿದಳು, “ಹಂಗಾದ್ರೆ ಕಂಪನಿ ದುಡ್ಡು ಕೊಡ್ತೈತೇನಮ್ಮಾ?” ಆಮೇಲೆ ಸೊಸೆಯ ಕಡೆ ತಿರುಗಿ, “ನಿಂತ್ಕೊಂಡು ಏನ್ ನೋಡ್ತೀಯ? ಒಳಗೆ ನಡಿ. ಪಾತ್ರೆ ಹಂಗೇ ಬಿದ್ದಾವೆ” ಎಂದಳು. ಸತ್ತ ಹುಳುಗಳ ಗುಂಡಿಗಿಂತ ಆ ಮಾತು ಹೆಚ್ಚು ನಾರಿತು.

ಸೌಂದರ್ಯ ಕದಲಲಿಲ್ಲ. “ಅತ್ತೆ, ಕೇರಿಯೋರ ಮುಂದೆ ಅಂದಿದ್ದನ್ನ ಕೇರಿಯೋರ ಮುಂದೆನೇ ವಾಪಸ್ ತಗೊಳ್ರಿ. ಆಮೇಲೆ ಪಾತ್ರೆ ನೋಡಾನ.”

“ಓಹೋಹೋ, ಮಾತು ಬಂತಾ?”

“ಅವ್ವಾ” ಎಂದ ಮಾರುತೇಶ. ಅವನ ದನಿ ಆವರೆಗೆ ನಾನು ಕೇಳಿರಲೇ ಇಲ್ಲ. “ಹೇಳವ್ವಾ. ಹೇಳ್ದೆ ಹೋದ್ರೆ ನಾನೂ ಇವಳ ಜೊತೆ ನನ್ನಿವಾಳದ ಬಸ್ ಹತ್ತೀನಿ.”

ಕೊಲ್ಲಾಪುರಮ್ಮ ಗೋಡೆಗೆ ಮುಖ ಮಾಡಿ, ಸೆರಗಿನಿಂದ ಮೂಗು ಒರೆಸಿಕೊಂಡು, “ಹುಳ ಸತ್ತಿದ್ದು ಹಲಗೆಯಿಂದ. ಇವಳಿಂದ ಅಲ್ಲ. ಕೇಳಿಸ್ತೇನ್ರೋ ಎಲ್ಲಾರಿಗೂ?” ಎಂದಳು. ಕೇಳಿಸಿತು ಎಂದು ಕೇರಿ ಹೇಳಿತು. ಸೌಂದರ್ಯ ಒಳಗೆ ಹೋದಳು.

ಕಾಂಚನಕ್ಕ ಚಿತ್ರದುರ್ಗಕ್ಕೆ ಹೋಗಿ, ರೇಷ್ಮೆ ಇಲಾಖೆಯ ಸಾಹೇಬರ ಮೇಜಿನ ಮೇಲೆ ಎರಡೂ ಹಲಗೆ ಇಟ್ಟು ನಡೆದದ್ದನ್ನು ಹೇಳಿ ಬಂದಳು. ಆರ್ಡರು ನಿಂತಿತು, ಮೊದಲು ಹೊಡೆದಿದ್ದ ಹಲಗೆಗಳನ್ನೂ ಕಿತ್ತರು. ಕಂಪನಿ ಮಳೆಗಾಲದಲ್ಲಿ ಫ್ಯಾಕ್ಟರಿ ಮುಚ್ಚಿ ಯಂತ್ರಗಳನ್ನು ಸಾಗಿಸಿತು. ಪೇಟೆಂಟ್ ಬಿಡಲಿಲ್ಲ; ತಾನು ಮಾಡುವುದೂ ಇಲ್ಲ, ಅವಳಿಗೆ ಮಾಡಲು ಬಿಡುವುದೂ ಇಲ್ಲ. ವಕೀಲರ ನೋಟೀಸು ನನ್ನ ಶೆಡ್ಡಿನ ವಿಳಾಸಕ್ಕೇ ಬಂತು. ಶರೀಫ್ ಸಾಬ್ ಒತ್ತುಯಂತ್ರವನ್ನು ಬಿಚ್ಚಿ, ಜಾಕನ್ನು ಒಬ್ಬ ಲಾರಿಯವನಿಗೆ ಮಾರಿದರು. ನನ್ನ ಹೊಟ್ಟು ಮತ್ತೆ ಇಟ್ಟಿಗೆ ಭಟ್ಟಿಗೆ ಹೋಗುತ್ತಿದೆ. ಕಾಂಚನಕ್ಕ ಈಗ ತಳಕಿನ ಹೈಸ್ಕೂಲಿನಲ್ಲಿ ವಾರಕ್ಕೆರಡು ದಿನ ಮಕ್ಕಳಿಗೆ ಹಳೆಯ ನೋಟ್‌ಬುಕ್ಕಿನಿಂದ ಹೊಸ ಕಾಗದ ಮಾಡುವುದು ಕಲಿಸುತ್ತಾಳೆ. ಅದಕ್ಕೆ ಯಾರ ಅನುಮತಿಯೂ ಬೇಡ.

ಹೋದದ್ದು ಒಂದು ಒಳ್ಳೆಯ ಹಲಗೆ, ಅದನ್ನು ಮಾಡಬಲ್ಲ ಒಬ್ಬಳ ಉಳಿದ ದುಡಿಮೆ. ಮೊಳಕಾಲ್ಮೂರಿನ ಹುಳುಮನೆಗಳಲ್ಲಿ ಈ ಬೇಸಿಗೆಗೂ ಒದ್ದೆ ಗೋಣಿಯೇ. ದಕ್ಕಿದ್ದು, ಒಬ್ಬ ಹೆಣ್ಣುಮಗಳ ಮೇಲಿನ ಅಪವಾದ ಕಳಚಿತು, ಮುನ್ನೂರು ಮನೆಗಳ ಹುಳು ಉಳಿದವು.